ಒಳಗಿನ ಉಸುಕು

ಬೆಳಗಾವಿ, ಉದ್ಯಮಬಾಗದ ಮೂರನೆಯ ಗಲ್ಲಿ.
ಎಡಕ್ಕೆ ಪಂಪಿನ ಕಾರ್ಖಾನೆ, ಬಲಕ್ಕೆ ಸುಣ್ಣ ಕಾಣದ ಗೋಡೆ,
ನಡುವೆ ನಮ್ಮ ಲ್ಯಾಬು.
ನನ್ನ ಕೆಲಸ, ಹಿಂಡುವುದು.

ಪಗಡೆಯ ದಾಳದಷ್ಟು ಟೈಟಾನಿಯಂ,
ಒಳಗೆಲ್ಲ ಜಾಳಿಗೆ:
ನಾಲ್ಕು ಕೂದಲು ಕೂಡಿಸಿದಷ್ಟೇ ದಪ್ಪದ ಕಡ್ಡಿಗಳು,
ನೂರರಲ್ಲಿ ಅರವತ್ತೆಂಟು ಪಾಲು ಬರೀ ಗಾಳಿ.
ಎರಡು ಉಕ್ಕಿನ ತಟ್ಟೆಗಳ ನಡುವೆ ಕೂರಿಸಿ ಗುಂಡಿ ಒತ್ತುತ್ತೇನೆ.
ಪರದೆಯ ಮೇಲಿನ ಗೆರೆ ಏರುತ್ತದೆ, ನೆಟ್ಟಗೆ,
ಆಮೇಲೆ ಟಿಕ್.
ಒಂದು ಸಾಲು ಓರೆಯಾಗಿ ಕೂರುತ್ತದೆ,
ಮೇಲಿನದು ಅದರ ಮೇಲೆ,
ಸಂತೆಯ ಬಸ್ಸಿನಲ್ಲಿ ಜನ ಸರಿದು ಕೂತ ಹಾಗೆ.

"ಬಾಳ ಗಟ್ಟಿ ಆದ್ರೂ ತಪ್ಪು" ಅನ್ನುತ್ತಾರೆ ಜಯಶೀಲಾ ಮೇಡಂ.
ಲೋಹವೇ ಎಲ್ಲ ಭಾರ ಹೊತ್ತರೆ
ಪಕ್ಕದ ಎಲುಬು ಕೆಲಸವಿಲ್ಲದೆ ಸೊರಗುತ್ತದಂತೆ.
ನನಗೆ ಗೊತ್ತು. ದುಡಿಯುವ ಅತ್ತಿಗೆ ಬಂದ ಮೇಲೆ
ನಾನು ರೊಟ್ಟಿ ಬಡಿಯುವುದನ್ನೇ ಮರೆತೆ.

ಬಳಲಿಕೆಯ ಪರೀಕ್ಷೆಗೆ ಒಂದು ಕೋಟಿ ಸಲ.
ಸೆಕೆಂಡಿಗೆ ಹದಿನೈದು, ಎಂಟು ದಿನ, ಎಂಟು ರಾತ್ರಿ,
ಯಾವನೋ ಒಬ್ಬನ ಹತ್ತು ವರ್ಷದ ನಡಿಗೆ.
ಆರನೆಯ ರಾತ್ರಿ ಕರೆಂಟು ಹೋಯಿತು.
ಇಸ್ಮಾಯಿಲ್ ಮುಲ್ಲಾ ಜನರೇಟರಿಗೆ ಓಡಿದ.
ಅಷ್ಟು ಹೊತ್ತು ಕತ್ತಲಲ್ಲಿ ಆ ನಡೆಯುವವ
ಒಂದು ಕಾಲು ಎತ್ತಿಕೊಂಡೇ ನಿಂತಿದ್ದ.

ಗಟ್ಟಿತನ ಯಂತ್ರ ಹೇಳುತ್ತದೆ.
ಎಲುಬು ಒಳಗೆ ಬರುತ್ತದೋ ಇಲ್ಲವೋ, ಅದನ್ನು ಕುರಿ ಹೇಳಬೇಕು.
ಹನ್ನೆರಡು ವಾರ ಲಗಮಣ್ಣ ಮೇವು ಹಾಕಿದ.
ಹೆಸರಿಡಬೇಡ ಅಂದರೂ
ಏಳನೆಯದನ್ನು ಗಂಗಿ ಎಂದ.
ಆಮೇಲೆ ಗಂಗಿಯ ತೊಡೆಯೆಲುಬಿನ ತುಂಡು
ನನ್ನ ತಟ್ಟೆಗೆ ಬಂತು. ಅವತ್ತು ಲಗಮಣ್ಣ ರಜೆ ಹಾಕಿದ್ದ.
ಮೆಲ್ಲಗೆ ದೂಡಿದೆ, ನಿಮಿಷಕ್ಕೆ ಒಂದು ಮಿಲಿಮೀಟರು,
ಎಲುಬು ಲೋಹದ ಕೈ ಬಿಡುವವರೆಗೆ.
ಬೇಗ ಬಿಟ್ಟಿತು.

ಇನ್ನೊಂದು ತೊಡೆಯದು ಗಾಜಿನ ಮೇಲೆ, ನೀಲಿ ಬಣ್ಣ ಹಚ್ಚಿದ ಸೀಳು:
ಕಪ್ಪು ಕಡ್ಡಿಗಳ ನಡುವೆ ಎಲುಬು
ಎರಡು ಮನೆ ದಾಟಿ ಬಂದು
ಮೂರನೆಯ ಹೊಸ್ತಿಲಲ್ಲಿ ನಿಂತಿದೆ.
ಮುಂದೆಲ್ಲ ಮಸಿಮಸಿ.
ಬಣ್ಣ ಸರಿಯಾಗಿ ಕೂತಿಲ್ಲ ಅಂದುಕೊಂಡೆವು.

ಅಪ್ಪ ನಲವತ್ತು ವರ್ಷ ಫೌಂಡ್ರಿಯಲ್ಲಿ ಅಚ್ಚು ಬಡಿದವರು,
ತೂತು ಬಿದ್ದ ಮಾಲಿಗೆ ಸುಣ್ಣದ ಗೀಟೆಳೆದು
ಮೂಲೆಗೆ ಎಸೆದವರು.
ಅದೇ ಸರಣಿಯಲ್ಲಿ ಉಳಿದಿದ್ದ ಒಂದು ದಾಳವನ್ನು
ಅವರ ಅಂಗೈಗಿಟ್ಟೆ.
"ಇಷ್ಟು ತೂತು?"
"ತೂತಿಗೇ ರೊಕ್ಕ, ಅಪ್ಪಾ."
ನಗಲಿಲ್ಲ. ಉಗುರಿನಿಂದ ಬಡಿದು ಕಿವಿಗೆ ಹಿಡಿದರು,
ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು,
ಆಮೇಲೆ ನೆಲಕ್ಕೆ ಪೇಪರು ಹಾಸಿ
ಅಡಕೊತ್ತಿನ ಹಿಡಿಯಿಂದ ಕುಟ್ಟತೊಡಗಿದರು.
ಕುಟ್ಟಿಯೇ ಕುಟ್ಟಿದರು.

ಬೂದು ಪುಡಿ ಉದುರಿತು,
ಒಂದು ಚಿಟಿಕೆ, ಗಸಗಸೆಗಿಂತ ಸಣ್ಣ.

"ಎರಕಾ ಚಲೋ ಆಗೇತಿ.
ಒಳಗಿನ ಉಸುಕು ಝಾಡ್ಸಿಲ್ಲ ನೀವು."
ಪೇಪರು ಮಡಚಿ ಕೈಗೆ ಕೊಟ್ಟು, ಚಹಾ ಕೇಳಿದರು.

ಈಗ ಪ್ರತಿ ದಾಳವನ್ನೂ ನೀರಿನಲ್ಲಿ ನಡುಗಿಸಿ, ಗಾಳಿ ಹೊಡೆದು,
ತೂಗಿ, ಒಣಗಿಸಿ, ಮತ್ತೆ ತೂಗುತ್ತೇವೆ.
ಮೇಡಂ ಆ ಪೇಪರನ್ನು ಕಪಾಟಿನಲ್ಲಿಟ್ಟಿದ್ದಾರೆ,
ಮಡಿಕೆ ಬಿಚ್ಚದೆ.

ಹೊಸ ಆರು ಕುರಿ. ಮೊದಲ ವಾರ.
ಈ ಸಲ ಹೆಸರಿಡುವುದಿಲ್ಲ ಅಂದಿದ್ದಾನೆ ಲಗಮಣ್ಣ,
ಬರೀ ನಾಲಿಗೆಯಲ್ಲಿ ಟ್ರ್ರ್ ಅನ್ನುತ್ತಾನೆ.
ಹತ್ತೊಂಬತ್ತನೆಯದು ತಲೆ ಎತ್ತುತ್ತದೆ,
ಹೊಲಿಗೆ ಹಾಕಿದ ಕಾಲನ್ನು ನೆಲಕ್ಕೆ ತಾಗಿಸಿ, ತೆಗೆದು,
ಮತ್ತೆ ತಾಗಿಸುತ್ತದೆ.